ಸ್ಟ್ರಿಯಾ ಕೇಳುವಾಗ ನೆನಪಾಗುವ ತಂಬೂರಿ

'ಸ್ಟ್ರಿಯಾ' ಅನ್ನುವುದು ಕಂಪ್ಯೂಟರಿನಲ್ಲಿ ಕಟ್ಟಿದ ಒಂದು ಸಂಗೀತ ಕೃತಿ. ನನ್ನ ಮಟ್ಟಿಗೆ ಅದರ ಕತೆ ಶುರುವಾಗುವುದು ಹಾಸನದಲ್ಲಿ. ಅಲ್ಲಿನ ನಮ್ಮ ಅಜ್ಜಿ ಮನೆಯಲ್ಲಿ ಎರಡು ವಾದ್ಯಗಳಿದ್ದವು. ಒಂದು ದೊಡ್ಡಮ್ಮನ ತಂಬೂರಿ. ಇನ್ನೊಂದು ಮಾವನ ಯಮಹಾ ಡಿಎಕ್ಸ್7 ಕೀಬೋರ್ಡು. ತಂಬೂರಿ ಹಳೇ ಸೀರೆಯ ಗವಸು ಹಾಕಿಕೊಂಡು ನಡುಮನೆಯ ಮೂಲೆಯಲ್ಲಿ ಒರಗಿರುತ್ತಿತ್ತು. ಕೀಬೋರ್ಡು ಮಂಚದ ಕೆಳಗೆ, ಪೆಟ್ಟಿಗೆಯೊಳಗೆ. ರಸಮಂಜರಿ ಕಾರ್ಯಕ್ರಮ ಇದ್ದ ದಿನ ಮಾವ ಅದನ್ನು ಎತ್ತಿಕೊಂಡು ಹೊರಡುತ್ತಿದ್ದರು. 14 ಕೆಜಿ ತೂಕ. ಬಸ್ಸಿನ ಮೇಲೆ ಹಾಕಲು ಬಿಡುತ್ತಿರಲಿಲ್ಲ, ತೊಡೆ ಮೇಲೇ ಇಟ್ಟುಕೊಂಡು ಹೋಗಿ ಬರುತ್ತಿದ್ದರು.

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು ಅದು. ಕಂದು ಬಣ್ಣದ ಮೈ. ಅದರ ಮೇಲೆ ಉದ್ದಕ್ಕೂ ಹಸಿರು ಗುಂಡಿಗಳು. ಒಳಗೆ ಹೋಗುವ ಗುಂಡಿಗಳಲ್ಲ, ಪ್ಲಾಸ್ಟಿಕ್ ಹಾಳೆ ಹಾಸಿದಂಥವು. ಎರಡು ಸಾಲಿನ ಒಂದು ಪುಟ್ಟ ಸ್ಕ್ರೀನು. ಮೇಲ್ಗಡೆ 32 ಸಣ್ಣ ಸಣ್ಣ ಚಿತ್ರ ಅಚ್ಚಾಗಿದ್ದವು. ಚೌಕಗಳು, ಚೌಕಕ್ಕೆ ಚೌಕ ಸೇರಿಸುವ ಗೆರೆಗಳು. ಅಮ್ಮನ ರಂಗೋಲಿ ಪುಸ್ತಕದ ಎಳೆಗಳ ಹಾಗೆ. ನನಗೆ ಆಗ ಹನ್ನೊಂದು ವರ್ಷ. ಬೇಸಿಗೆ ರಜೆ. ಆ ಚಿತ್ರಗಳು ಏನು ಅಂತ ಮಾವನನ್ನು ಪೀಡಿಸಿ ಪೀಡಿಸಿ ಇಟ್ಟಿದ್ದೆ.

ಒಂದು ಮಧ್ಯಾಹ್ನ ಅವರು ಪಿಯಾನೊ ಟೋನ್ ಹಾಕಿದರು. ಸ್ಕ್ರೀನಿನ ಮೇಲೆ ಆರು ಒಂದುಗಳು ಸಾಲಾಗಿ ಕಂಡವು. 111111. ಗುಂಡಿ ಒತ್ತಿ ಒತ್ತಿ ಒಂದೊಂದನ್ನೇ ಸೊನ್ನೆ ಮಾಡಿದರು. ಕೊನೆಗೆ 110000 ಉಳಿಯಿತು.

"ಈಗ ಒಳಗೆ ಇರೋದು ಇಬ್ಬರೇ," ಅಂದರು ಮಾವ. "ಒಬ್ಬ ಹಾಡ್ತಾನೆ. ಇನ್ನೊಬ್ಬ ಹಾಡೋದಿಲ್ಲ, ಅವನನ್ನ ಹಿಡಿದು ಅಲುಗಾಡಿಸ್ತಾನೆ ಅಷ್ಟೇ."

ಅಲುಗಾಡಿಸುವವನ ಅಳತೆಯನ್ನು ಸೊನ್ನೆಗೆ ಇಳಿಸಿ ಕೀಬೋರ್ಡಿನ ಒಂದು ಮನೆ (ಕೀ) ಒತ್ತಿದರು. 'ಊ' ಅನ್ನುವ ಬೋಳು ಸದ್ದು. ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ. ಸ್ಲೈಡರ್ ಒಂದಿಷ್ಟು ಮೇಲೆ ತಳ್ಳಿದರು. ಸದ್ದು ಶುರುವಾಗುವ ಕಡೆ 'ಟಿಣ್' ಅಂತ ಒಂದು ಹೊಳಪು ಕಾಣಿಸಿತು. ಇನ್ನಷ್ಟು ಮೇಲೆ. ಈಗ ಅದು ಗಂಟೆ. ಇನ್ನೂ ಮೇಲೆ, 99ರವರೆಗೆ. ತಗಡಿನ ಡಬ್ಬಿಗೆ ಕಲ್ಲು ಹೊಡೆದ ಹಾಗೆ ಚೀರಿತು. ಒಳಗಿನಿಂದ ದೊಡ್ಡಮ್ಮ, "ಸಾಕು ಮಾಡೋ ಅದನ್ನ, ಪಾಠಕ್ಕೆ ಮಕ್ಕಳು ಬರೋ ಹೊತ್ತು," ಅಂದರು.

ಮಾವ ಒತ್ತಿದ ಮನೆ ಅಷ್ಟು ಹೊತ್ತೂ ಒಂದೇ. ಬದಲಾಗಿದ್ದು ಬಣ್ಣ ಮಾತ್ರ. ಆ ಮಧ್ಯಾಹ್ನ ನನಗೆ ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ.

ಹಾಡುವವನೊಬ್ಬ, ಅಲುಗಾಡಿಸುವವನೊಬ್ಬ. ಈ ಜೋಡಿಯ ಗುಟ್ಟನ್ನು ಸಂಗೀತಕ್ಕೆ ತಂದವರು ಜಾನ್ ಚೌನಿಂಗ್. ಅವರ ಹೆಸರು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಯಾರೋ ಎಂಜಿನಿಯರ್ ಇರಬೇಕು ಅಂದುಕೊಂಡಿದ್ದೆ. ನೋಡಿದರೆ ಆತ ಸಂಗೀತಗಾರ. 1934ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದವರು, ನೌಕಾಪಡೆಯ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಿದವರು. ಆಮೇಲೆ ಪ್ಯಾರಿಸ್ಸಿಗೆ ಹೋಗಿ ನಾಡಿಯಾ ಬುಲಾಂಜೆ ಹತ್ತಿರ ಸಂಗೀತ ರಚನೆ ಕಲಿತರು. ಸ್ಪೀಕರುಗಳಿಗಾಗಿಯೇ ಮಾಡಿದ ಎಲೆಕ್ಟ್ರಾನಿಕ್ ಸಂಗೀತವನ್ನು ಅವರು ಮೊದಲು ಕೇಳಿದ್ದು ಆ ಊರಿನ ಕಛೇರಿಗಳಲ್ಲಿ. 1962ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದು ನೋಡಿದರೆ ಅಲ್ಲಿ ಅಂಥ ಸ್ಟುಡಿಯೋನೇ ಇರಲಿಲ್ಲ.

ಮರುವರ್ಷ 'ಸೈನ್ಸ್' ಪತ್ರಿಕೆಯಲ್ಲಿ, ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾ ಕೇಂದ್ರವಾದ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಒಂದು ಲೇಖನ ಬರೆದರು. ಕಂಪ್ಯೂಟರನ್ನೂ ವಾದ್ಯದಂತೆ ಬಳಸಬಹುದು, ಅದರಿಂದ ಬರಬಹುದಾದ ನಾದಕ್ಕೆ ಸಿದ್ಧಾಂತದ ಮಟ್ಟಿಗೆ ಮಿತಿಯೇ ಇಲ್ಲ ಅನ್ನುವುದು ಅದರ ಸಾರ. ಚೌನಿಂಗ್ ಅದನ್ನು ಓದಿ 1964ರಲ್ಲಿ ಬೆಲ್ ಲ್ಯಾಬ್ಸ್‌ಗೇ ಹೋದರು. ಒಂದು ಪೆಟ್ಟಿಗೆ ಪಂಚ್ ಕಾರ್ಡುಗಳನ್ನು ತಂದರು. ಕಂಪ್ಯೂಟರ್ ಸಂಗೀತದ ಇಡೀ ಪ್ರೋಗ್ರಾಂ ಆ ಕಾರ್ಡುಗಳ ತೂತುಗಳಲ್ಲಿತ್ತು. ಅವರಿಗೆ ಪ್ರೋಗ್ರಾಮಿಂಗ್ ಬರುತ್ತಿರಲಿಲ್ಲ. ಡೇವಿಡ್ ಪೂಲ್ ಎಂಬ ವಿದ್ಯಾರ್ಥಿ, ಯೂನಿವರ್ಸಿಟಿ ಆರ್ಕೆಸ್ಟ್ರಾದಲ್ಲಿ ಟ್ಯೂಬಾ ಊದುತ್ತಿದ್ದ ಹುಡುಗ, ಪಕ್ಕದಲ್ಲಿ ಕೂತು ಕಲಿಸಿದ. ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ, ಬೇರೆಯವರ ಕೆಲಸ ಮುಗಿದ ಮೇಲಿನ ಹೊತ್ತಿನಲ್ಲಿ ಈ ಪ್ರಯೋಗಗಳು ನಡೆದವು.

1967. ಚೌನಿಂಗ್ ವೈಬ್ರಾಟೊ ಇಟ್ಟುಕೊಂಡು ಆಡುತ್ತಿದ್ದರು. ಸ್ವರವನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಅಲುಗಿಸುವುದು. ಪಿಟೀಲಿನವರ ಬೆರಳು ತಂತಿಯ ಮೇಲೆ ಮಾಡುತ್ತದಲ್ಲ, ಹಾಗೆ. ಸೆಕೆಂಡಿಗೆ ಐದಾರು ಸಲ ಅಲುಗಿಸಿದರೆ ಹಾಡುವ ಗಂಟಲಿನಂತೆ ಕೇಳುತ್ತದೆ. ಅವರು ವೇಗ ಹೆಚ್ಚಿಸಿದರು. ಅಲುಗಾಟದ ಅಗಲವನ್ನೂ ಹೆಚ್ಚಿಸಿದರು. ಯಾವ ಬೆರಳಿಗೂ ಆಗದಷ್ಟು, ಸೆಕೆಂಡಿಗೆ ಹತ್ತಾರು ಸಲ, ನೂರು ಸಲ. ಒಂದು ಹಂತ ದಾಟಿದ ಮೇಲೆ ಅಲುಗಾಟ ಕೇಳುವುದೇ ನಿಂತುಹೋಯಿತು. ಅದರ ಜಾಗದಲ್ಲಿ ಹೊಸದೊಂದು ನಾದ ಬಂದು ಕೂತಿತ್ತು. ತುಂಬಿದ, ಬಣ್ಣ ಇರುವ ನಾದ. ಅಷ್ಟಕ್ಕೂ ಒಳಗೆ ಇದ್ದದ್ದು ಎರಡೇ ಬೋಳು ಸ್ವರ.

ಇದು ಎಷ್ಟು ದೊಡ್ಡ ವಿಷಯ ಅಂತ ತಿಳಿಯಬೇಕಾದರೆ ಆಗಿನ ಕಷ್ಟ ಗೊತ್ತಿರಬೇಕು. ಕಂಪ್ಯೂಟರಿನಲ್ಲಿ ಒಂದು ಗಂಟೆಯ ನಾದ ಕಟ್ಟಬೇಕಾದರೆ ಹತ್ತಾರು ಬೋಳು ಸ್ವರಗಳನ್ನು ಒಂದೊಂದಾಗಿ ಪೇರಿಸಬೇಕಿತ್ತು. ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ. ಕೆಲವೇ ಸೆಕೆಂಡಿನ ಸದ್ದಿಗೆ ಎಷ್ಟೋ ಹೊತ್ತು ಕಾಯಬೇಕಿತ್ತು. ಚೌನಿಂಗ್ ದಾರಿಯಲ್ಲಿ ಎರಡು ಸಾಕು. ಅಲುಗಾಟದ ಅಳತೆ ಏರಿಸಿದರೆ ನಾದ ತುಂಬುತ್ತದೆ, ಇಳಿಸಿದರೆ ಬೋಳಾಗುತ್ತದೆ. ಇದರ ಹಿಂದಿನ ಗಣಿತ ಎಫ್‌ಎಂ ರೇಡಿಯೋ ಎಂಜಿನಿಯರುಗಳಿಗೆ ಆಗಲೇ ಗೊತ್ತಿತ್ತು. ಕೇಳುವ ಸ್ವರಕ್ಕೇ ಅದನ್ನು ಹಚ್ಚಿ, ಬಂದದ್ದನ್ನು ಸಂಗೀತವಾಗಿ ಕೇಳಿಸಿಕೊಂಡವರು ಇವರು. ಇದು ಕಿವಿಯಿಂದ ಆದ ಶೋಧ ಅಂತ ಅವರೇ ಹೇಳಿಕೊಂಡಿದ್ದಾರೆ. ಲೆಕ್ಕ ಆಮೇಲೆ ಬಂತು.

ತುತ್ತೂರಿಯ ಕತೆಯೂ ಇಲ್ಲಿ ಬರಬೇಕು. ಫ್ರಾನ್ಸಿನ ಜಾನ್-ಕ್ಲೋದ್ ರಿಸೆ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಂಪೆಟ್ ನಾದವನ್ನು ಬಿಡಿಸಿ ನೋಡಿದ್ದರು. ಜೋರಾಗಿ ಊದಿದಷ್ಟೂ ನಾದದ ಮೇಲಿನ ಭಾಗ ಹೆಚ್ಚು ಹೊಳೆಯುತ್ತದೆ ಅಂತ ತೋರಿಸಿದ್ದರು. ಚೌನಿಂಗ್‌ಗೆ 1971ರಲ್ಲಿ ಅದು ನೆನಪಾಯಿತು. ಸದ್ದು ಏರಿದಂತೆ ಅಲುಗಾಟವೂ ಏರುವ ಹಾಗೆ ಎರಡನ್ನೂ ಜೋಡಿಸಿದರು. ಟ್ರಂಪೆಟ್ ಬಂತು!

1972ರಲ್ಲಿ ಚೌನಿಂಗ್ ಅವರ 'ಟುರೆನಾಸ್' ಎಂಬ ಕೃತಿ ಬಂತು. 'ನೇಚರ್ಸ್' ಅನ್ನುವ ಇಂಗ್ಲಿಷ್ ಪದದ ಅಕ್ಷರಗಳನ್ನು ಅದಲು ಬದಲು ಮಾಡಿ ಕಟ್ಟಿದ ಹೆಸರು. ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್. ನಾದಗಳು ಕೋಣೆಯೊಳಗೆ ಜೀರುಂಡೆಯ ಹಾಗೆ ಸುತ್ತುತ್ತವೆ, ಹತ್ತಿರ ಬರುತ್ತವೆ, ದೂರ ಹೋಗುತ್ತವೆ. ನಾನು ಕೇಳಿದ್ದು ಹೆಡ್‌ಫೋನಿನಲ್ಲಿ, ಅಂದರೆ ನಾಲ್ಕರ ಅನುಭವವನ್ನು ಎರಡಕ್ಕೆ ಇಳಿಸಿ. ಹಾಗಿದ್ದೂ ಒಂದು ಕಡೆ ತಲೆ ತಿರುಗಿಸಿ ಹಿಂದೆ ನೋಡಿದೆ.

ಈ ವಿದ್ಯೆ ಯಮಹಾ ಕೈಗೆ ಹೋದ ಕತೆ ಬಹಳ ಕಡೆ ಬಂದಿದೆ. ಸ್ಟ್ಯಾನ್‌ಫರ್ಡ್‌ನವರು ಮೊದಲು ಅಮೆರಿಕದ ಆರ್ಗನ್ ಕಂಪನಿಗಳಿಗೆ ತೋರಿಸಿದರು, ಅವರು ಬೇಡ ಅಂದರು. ಯಮಹಾದ ಯುವ ಎಂಜಿನಿಯರ್ ಕಾಜುಕಿಯೊ ಇಶಿಮುರಾಗೆ ಮಾತ್ರ ಕೇಳಿದ ಕೂಡಲೇ ಹೊಳೆಯಿತು. ಇಷ್ಟರ ನಡುವೆ ವಿಶ್ವವಿದ್ಯಾಲಯ ಚೌನಿಂಗ್ ಅವರ ಹುದ್ದೆಯನ್ನು ಕಾಯಂ ಮಾಡದೆ ಕೈಬಿಟ್ಟಿತ್ತು. ಅವರು ಮತ್ತೆ ಬಂದರು. 1975ರಲ್ಲಿ ಗೆಳೆಯರ ಜೊತೆ ಅಲ್ಲೇ ಒಂದು ಕಂಪ್ಯೂಟರ್ ಸಂಗೀತ ಕೇಂದ್ರ ಕಟ್ಟಿದರು. ಅದರ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಎಲ್ಲರೂ 'ಕರ್ಮ' ಅಂತಲೇ ಕರೆಯುತ್ತಾರೆ. 1977ರಲ್ಲಿ ಪೇಟೆಂಟ್ ಸಿಕ್ಕಿತು. 1983ರಲ್ಲಿ ಡಿಎಕ್ಸ್7 ಅಂಗಡಿಗೆ ಬಂತು. ಒಂದೇ ಸಲಕ್ಕೆ 16 ಸ್ವರ, ಪ್ರತಿ ಸ್ವರಕ್ಕೂ ಒಳಗೆ ಆರು ಜನ. ಯಾರು ಹಾಡಬೇಕು, ಯಾರು ಯಾರನ್ನು ಅಲುಗಾಡಿಸಬೇಕು ಅನ್ನುವ 32 ಬಗೆಯ ಜೋಡಣೆ. ನನ್ನ ರಂಗೋಲಿ ಚಿತ್ರಗಳು! ಲಕ್ಷಕ್ಕೂ ಮೀರಿ ಮಾರಾಟವಾಯಿತು. ನಮ್ಮ ಮಾವ ಹಾಸನ ಜಿಲ್ಲೆಯ ಊರೂರಿನ ಗಣಪತಿ ಪೆಂಡಾಲಿನಲ್ಲಿ ಬಾರಿಸಿದ್ದು ಅದೇ ಪೇಟೆಂಟಿನ ನಾದ.

ಹೆಚ್ಚಿನವರು ಚೌನಿಂಗ್ ಕತೆಯನ್ನು ಇಲ್ಲಿಗೆ ಮುಗಿಸುತ್ತಾರೆ. ಅದು ನನಗೆ ಬೇಜಾರು. ಅಂಗಡಿಗೆ ಹೋದ ವಿದ್ಯೆ ಒಂದು. ಅದನ್ನು ಕಂಡವರು ಅದರಿಂದ ಸ್ವತಃ ಏನು ಮಾಡಿದರು ಅನ್ನುವುದು ಬೇರೆಯೇ. ಅವರು 1977ರಲ್ಲಿ 'ಸ್ಟ್ರಿಯಾ' ಮಾಡಿದರು.

ಸ್ಟ್ರಿಯಾ ಬಗ್ಗೆ ಹೇಳುವ ಮೊದಲು ದೊಡ್ಡಮ್ಮನ ತಂಬೂರಿ ಹತ್ತಿರ ಹೋಗಬೇಕು.

ಪಾಠಕ್ಕೆ ಬರುವ ಹೊಸ ಮಕ್ಕಳಿಗೆ ದೊಡ್ಡಮ್ಮ ಮೊದಲ ದಿನ ಹಾಡಿಸುತ್ತಲೇ ಇರಲಿಲ್ಲ. ತಂಬೂರಿ ಮುಂದೆ ಕೂರಿಸಿ, "ಸುಮ್ನೆ ಕೇಳು," ಅನ್ನುತ್ತಿದ್ದರು. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿರುವ ಹತ್ತಿಯ ದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸುವರು. ಒಂದು ಜಾಗದಲ್ಲಿ ನಾದ ಝುಂ ಅಂತ ಬಿಚ್ಚಿಕೊಳ್ಳುತ್ತದೆ. ಆಗ ಮಂದ್ರ ಷಡ್ಜದ ತಂತಿ ಒಂದನ್ನೇ ಮೀಟುವರು. "ಏನು ಕೇಳ್ತು?" ಮಕ್ಕಳು "ಸಾ" ಅನ್ನುತ್ತಿದ್ದವು. "ಇನ್ನೇನು ಕೇಳ್ತು?" ಎರಡು ದಿನ ಆಗುತ್ತಿತ್ತು, ಮೂರು ದಿನ ಆಗುತ್ತಿತ್ತು. ಒಂದು ದಿನ ಯಾವುದೋ ಮಗು ಕಣ್ಣರಳಿಸಿ "ಗಾ" ಅನ್ನುತ್ತಿತ್ತು. ಯಾರೂ ಮೀಟದ ಅಂತರ ಗಾಂಧಾರ. ಸ್ವಯಂಭೂ ಸ್ವರ. ತಾನಾಗಿ ಹುಟ್ಟಿದ್ದು.

ಒಂದು ತಂತಿ ಮಿಡಿದಾಗ ಅದರೊಳಗೆ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ವೇಗದ ಮಿಡಿತಗಳೂ ಇರುತ್ತವೆ. ಎರಡರಷ್ಟು ಅಂದರೆ ಮೇಲಿನ ಷಡ್ಜ. ಮೂರರಷ್ಟು ಪಂಚಮ. ಐದರಷ್ಟು ಗಾಂಧಾರ. ನಾವು ಹಾಡುವ ಸ್ವರಗಳು ತಂತಿಯ ನಾದದೊಳಗೇ ಕೂತಿವೆ. ಹಾಗಾಗಿಯೇ ತಂಬೂರಿ ಮುಂದೆ ಶ್ರುತಿ ಸೇರಿದಾಗ ಮೈ ಜುಮ್ಮೆನ್ನುವುದು. ನಾದ ಮತ್ತು ಸ್ವರ ಒಂದೇ ಬಟ್ಟೆಯಿಂದ ಕತ್ತರಿಸಿದ್ದು.

ಈಗ ಕಂಪ್ಯೂಟರಿಗೆ ಬನ್ನಿ. ಅಲ್ಲಿ ತಂತಿಯಿಲ್ಲ, ಕೊಳವೆಯಿಲ್ಲ. ನಾದದೊಳಗಿನ ಮಿಡಿತಗಳು ಎರಡು, ಮೂರು, ನಾಲ್ಕು ಅಂತಲೇ ಇರಬೇಕು ಅನ್ನುವ ಕಟ್ಟುಪಾಡೂ ಇಲ್ಲ. ಹಾಡುವವನನ್ನು ಅಲುಗಾಡಿಸುವವನ ವೇಗ ಎರಡರಷ್ಟು, ಮೂರರಷ್ಟು ಅಂತ ಸರಿಯಾಗಿ ಕೂತರೆ ತಂತಿ, ಕೊಳವೆಗಳಂಥ ನಾದ. ನಡುವೆ ಎಲ್ಲೋ ಇದ್ದರೆ ಗಂಟೆ, ಜಾಗಟೆಗಳಂಥ ನಾದ. ಅಂಥ ನಾದದಲ್ಲಿ ನಮ್ಮ ಸರಿಗಮ ನುಡಿಸಿದರೆ ಏನೋ ಕಿರಿಕಿರಿ. ನಾದ ಒಂದು ಬಟ್ಟೆ, ಸ್ವರ ಇನ್ನೊಂದು ಬಟ್ಟೆ. ಹಾಗಾದರೆ ಆ ನಾದಕ್ಕೆ ಹೊಂದುವ ಸ್ವರಗಳನ್ನೂ ಆ ನಾದದಿಂದಲೇ ಕತ್ತರಿಸಿದರೆ? ಸ್ಟ್ರಿಯಾದಲ್ಲಿ ಚೌನಿಂಗ್ ಮಾಡಿದ್ದು ಇದನ್ನೇ.

ಅವರು ಆರಿಸಿದ ಸಂಖ್ಯೆ 1.618. ಸುವರ್ಣ ಅನುಪಾತ. 1, 2, 3, 5, 8, 13 ಅಂತ ಹಿಂದಿನ ಎರಡನ್ನು ಕೂಡಿಸುತ್ತಾ ಹೋಗುವ ಸಾಲಿನಲ್ಲಿ ಒಂದನ್ನು ಅದರ ಹಿಂದಿನದರಿಂದ ಭಾಗಿಸುತ್ತಾ ಹೋದರೆ ಹತ್ತಿರ ಹತ್ತಿರ ಬರುವ ಸಂಖ್ಯೆ. (ಲಘು-ಗುರುಗಳಿಂದ ಎಷ್ಟು ಬಗೆಯ ಸಾಲು ಕಟ್ಟಬಹುದು ಅಂತ ಎಣಿಸುವಾಗ ವಿರಹಾಂಕ, ಹೇಮಚಂದ್ರರಂಥ ನಮ್ಮ ಛಂದಸ್ಸಿನ ಪಂಡಿತರಿಗೂ ಇದೇ ಸಾಲು ಸಿಕ್ಕಿತ್ತು.) ಈ ಸಂಖ್ಯೆಯ ಸುತ್ತ ಹೂವು, ಶಂಖ, ದೇಗುಲ ಅಂತ ಬಹಳ ಮಾತು ಹಬ್ಬಿದೆ. ಅದೆಲ್ಲ ಬದಿಗಿಡಿ. ಇಲ್ಲಿ ಬೇಕಾಗಿರುವುದು ಅದರ ಒಂದೇ ಒಂದು ಗುಣ. 1ಕ್ಕೆ 1.618 ಕೂಡಿಸಿದರೆ 2.618. 1.618ನ್ನು 1.618ರಿಂದ ಗುಣಿಸಿದರೂ 2.618. ಕೂಡಿಸಿದರೂ ಗುಣಿಸಿದರೂ ಒಂದೇ ಮನೆಗೆ ಬಂದು ಸೇರುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ಹಾಡುವವನು ಸೆಕೆಂಡಿಗೆ 1000 ಸಲ ಮಿಡಿಯುತ್ತಾನೆ. ಅಲುಗಾಡಿಸುವವನದು 1618. ಈ ಅಲುಗಾಟದಿಂದ ಹುಟ್ಟುವ ಹೊಸ ಸ್ವರಗಳು ಇಬ್ಬರನ್ನೂ ಕೂಡಿಸಿ ಕಳೆದು ಬರುತ್ತವೆ. ಕೂಡಿಸಿದರೆ 2618. ಕಳೆದರೆ 618. ಎರಡು ಸಲ ಕೂಡಿಸಿದರೆ 4236. ಈಗ 618, 1000, 1618, 2618, 4236 ಇವನ್ನು ಸಾಲಾಗಿಡಿ. ಒಂದರಿಂದ ಇನ್ನೊಂದಕ್ಕೆ ಪ್ರತಿ ಸಲವೂ 1.618ರ ಹೆಜ್ಜೆ. ನಮ್ಮಲ್ಲಿ ಷಡ್ಜದಿಂದ ಮೇಲಿನ ಷಡ್ಜಕ್ಕೆ ಎರಡರ ಹೆಜ್ಜೆ ಇದೆಯಲ್ಲ, ಅದರ ಜಾಗದಲ್ಲಿ ಇದನ್ನು ಕೂರಿಸಿದರು. ಆ ಹೊಸ ಸ್ಥಾಯಿಯನ್ನು 18 ಭಾಗ ಮಾಡಿ ಸ್ವರಸ್ಥಾನಗಳನ್ನು ಪಡೆದರು. ಯಾರೂ ಮೀಟದೆ ಹುಟ್ಟಿಕೊಂಡ ಸ್ವರಗಳು ಅದೇ ಮನೆಗಳಲ್ಲಿ ಬಂದು ಕೂತವು. ಪಕ್ಕದ ನಾದ ಅವನ್ನು ಗುರುತು ಹಿಡಿಯಿತು. ದೊಡ್ಡಮ್ಮನ ಗಾಂಧಾರದ ಹಾಗೆಯೇ ಅಲ್ವಾ? ಈ ಲೆಕ್ಕವನ್ನು ನಾನು ಮೊದಲ ಸಲ ಹಾಳೆಯ ಮೇಲೆ ಮಾಡಿ ನೋಡಿದ ದಿನ ಊಟ ಮಾಡಲು ಮರೆತಿದ್ದೆ.

ಸ್ವರಗಳ ಪಟ್ಟಿಯನ್ನು ಚೌನಿಂಗ್ ಕೈಯಿಂದ ಬರೆಯಲಿಲ್ಲ. ಪಟ್ಟಿ ಹುಟ್ಟಿಸುವ ಪ್ರೋಗ್ರಾಂ ಬರೆದರು. ಒಂದು ಗುಂಪಿನ ನಾದ ತನ್ನೊಳಗೆ ಅಂಥದ್ದೇ ಇನ್ನೊಂದು ಸಣ್ಣ ಗುಂಪನ್ನು ಹುಟ್ಟಿಸಬಲ್ಲದು. ಕಾಲದ ಅಳತೆಗೂ ಅದೇ ಅನುಪಾತ. ಇಟಲಿಯ ಸಂಗೀತ ರಚನಕಾರ ಲುಚಿಯಾನೊ ಬೆರಿಯೊ ಕೇಳಿಕೊಂಡ ಮೇಲೆ ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಗಾಗಿ ಮಾಡಿದ ಕೃತಿ ಇದು. 1977ರ ಅಕ್ಟೋಬರ್ 13ರಂದು ಪೊಂಪಿಡು ಸೆಂಟರಿನಲ್ಲಿ ಮೊದಲ ಸಲ ಕೇಳಿಸಿದರು. ವೇದಿಕೆಯ ಮೇಲೆ ನುಡಿಸುವವರು ಯಾರೂ ಇಲ್ಲ. ನಾಲ್ಕು ದಾರಿಯಲ್ಲಿ ಬರುವ ನಾದ ಅಷ್ಟೇ.

ಕೇಳಿದರೆ ಹೇಗಿರುತ್ತದೆ? ನಾನು ಜಾಸ್ತಿ ಕೇಳುವುದು ರಾತ್ರಿ, ಬೀದಿ ಸುಮ್ಮನಾದ ಮೇಲೆ. ಎತ್ತರದಲ್ಲಿ ಎಳೆಯಷ್ಟು ತೆಳುವಾದ ನಾದಗಳು ಶುರುವಾಗುತ್ತವೆ. ಯಾವಾಗ ಬಂದವು ಅಂತ ಹೇಳಲಾಗದ ಹಾಗೆ ಬರುತ್ತವೆ. ಕಂಚಿನ ಬಟ್ಟಲಿನ ಅಂಚನ್ನು ಒದ್ದೆ ಬೆರಳಿನಿಂದ ಸವರಿದಂತೆ. ಒಂದು ಮಾಯವಾಗುವ ಮೊದಲೇ ಇನ್ನೊಂದು ಅದರ ಕೆಳಗೆ ಬಂದು ನಿಂತಿರುತ್ತದೆ. ತಾಳವಿಲ್ಲ. ಪೆಟ್ಟು ಬೀಳುವುದಿಲ್ಲ. ನಿಧಾನಕ್ಕೆ ಎಲ್ಲವೂ ಕೆಳಕ್ಕೆ ಇಳಿಯುತ್ತವೆ. ಅರ್ಧ ದಾಟಿದ ಮೇಲೆ ಒಂದು ಕಡೆ ಎಷ್ಟು ಕೆಳಗೆ ಹೋಗುತ್ತದೆ ಅಂದರೆ ಕಿವಿಗಿಂತ ಎದೆಗೆ ಮೊದಲು ಗೊತ್ತಾಗುತ್ತದೆ. ಅಲ್ಲಿಂದ ಮತ್ತೆ ಮೇಲಕ್ಕೆ. ಒಟ್ಟು ಸುಮಾರು ಹದಿನೇಳು ನಿಮಿಷ. ಗಂಟೆಯಂಥ ನಾದವೇ ಆದರೂ ಒಮ್ಮೆಯೂ ಕಿವಿಗೆ ಚುಚ್ಚುವುದಿಲ್ಲ. ಹಾಗಂತ ನಮಗೆ ಗೊತ್ತಿರುವ ಶ್ರುತಿಯೂ ಅಲ್ಲ. ಹೊಸ ಊರಿಗೆ ಹೋದಾಗ ಭಾಷೆ ಬರದಿದ್ದರೂ ಮನೆಯವರು ಒಬ್ಬರಿಗೊಬ್ಬರು ಹೊಂದಿಕೊಂಡಿರುವುದು ಗೊತ್ತಾಗುತ್ತದಲ್ಲ, ಹಾಗೆ.

ಮಾವನ ಡಿಎಕ್ಸ್7 ಈಗ ನನ್ನ ಹತ್ತಿರ ಇದೆ. ಒಳಗಿನ ಬ್ಯಾಟರಿ ಸತ್ತು ಮಾವ ಮಾಡಿಟ್ಟಿದ್ದ ಟೋನುಗಳೆಲ್ಲ ಹೋಗಿದ್ದವು. ಹೊಸ ಬ್ಯಾಟರಿ ಹಾಕಿಸಿದೆ. ಅಲುಗಾಡಿಸುವವನ ವೇಗವನ್ನು ಅದರಲ್ಲಿ ಒಂದರ ನೂರನೇ ಭಾಗದಷ್ಟು ಸಣ್ಣ ಹೆಜ್ಜೆಯಲ್ಲಿ ಬದಲಾಯಿಸಬಹುದು. 1.00, 1.01, 1.02 ಹೀಗೆ. 1.62ರಲ್ಲಿ ನಿಲ್ಲಿಸಿ ಒಂದು ಮನೆ ಒತ್ತಿದೆ. ಸ್ಟ್ರಿಯಾದ ಒಂದು ಎಳೆ ನಮ್ಮ ಮನೆಯ ಕೋಣೆಯಲ್ಲಿ ಹುಟ್ಟಿತು. ಇಷ್ಟು ವರ್ಷ 'ನಗುವ ನಯನ'ಕ್ಕೂ ಗಣಪತಿ ಭಜನೆಗೂ ಪಿಯಾನೊ ಕೊಟ್ಟ ಪೆಟ್ಟಿಗೆಯೊಳಗೆ ಇದೂ ಕೂತಿತ್ತು. ಯಾರೂ ಕೇಳಿರಲಿಲ್ಲ.

ಸ್ಟ್ರಿಯಾ ಆದ ಮೇಲೆ ಚೌನಿಂಗ್ ಮನುಷ್ಯನ ಗಂಟಲಿನ ಹಿಂದೆ ಬಿದ್ದರು. ಅವರು ತೋರಿಸಿದ ಒಂದು ಪ್ರಯೋಗವನ್ನು ಎಷ್ಟು ಸಲ ಕೇಳಿದರೂ ನನಗೆ ಸಾಲದು. ಮೊದಲು ಒಂದು ಬೋಳು ಸ್ವರ. ಅದರ ಮೇಲೆ ಎರಡರಷ್ಟು, ಮೂರರಷ್ಟು ಅಂತ ಬೇರೆ ಸ್ವರಗಳು ಸೇರುತ್ತವೆ. ಸದ್ದು ದಪ್ಪಗಾಗುತ್ತದೆ, ಆದರೂ ಯಂತ್ರದ್ದೇ. ಆಮೇಲೆ ಎಲ್ಲ ಸ್ವರಗಳಿಗೂ ಒಟ್ಟಿಗೆ ಒಂದು ಸಣ್ಣ ಅಲುಗಾಟ ಕೊಡುತ್ತಾರೆ. ಯಂತ್ರದಂತೆ ಒಂದೇ ಸಮ ಇರುವ ಅಲುಗಾಟ ಅಲ್ಲ, ಸ್ವಲ್ಪ ಏರುಪೇರು ಇರುವಂಥದ್ದು. ಅಷ್ಟೇ. ಅಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಾಳೆ! ಬಿಡಿ ಬಿಡಿಯಾಗಿದ್ದ ಸ್ವರಗಳೆಲ್ಲ ಒಂದು ಗಂಟಲಾಗಿ ಕೂಡಿಕೊಂಡವು. 1981ರ 'ಫೋನೆ' ಕೃತಿಯಲ್ಲಿ ಗಂಟೆಯ ನಾದ ಕರಗಿ ಹಾಡುವ ದನಿಯಾಗುವುದು ಇದೇ ದಾರಿಯಲ್ಲಿ. ಅಲುಗಿಸಿ ಅಲುಗಿಸಿ ಮನುಷ್ಯರ ದನಿಯಿಂದ ದೂರ ಹೋದವರು, ಅದೇ ಅಲುಗಾಟದಿಂದ ಮನುಷ್ಯರ ಹತ್ತಿರಕ್ಕೆ ಬಂದರು. ದೊಡ್ಡಮ್ಮ ಮಕ್ಕಳಿಗೆ ಗಮಕ ಹೇಳಿಕೊಡುವಾಗ, "ಕಂಬದ ಹಾಗೆ ನಿಲ್ಲಿಸಬೇಡ್ವೇ ಸ್ವರಾನ, ಉಸಿರಾಡ್ಲಿ ಅದು," ಅನ್ನುತ್ತಿದ್ದರು.

ಕಳೆದ ದಸರಾದಲ್ಲಿ ಹಾಸನಕ್ಕೆ ಹೋಗಿದ್ದೆ. ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ. ಪಾಠ ನಿಲ್ಲಿಸಿದ್ದಾರೆ, ತಂಬೂರಿ ಮೀಟುವುದು ನಿಲ್ಲಿಸಿಲ್ಲ. ಸಂಜೆ ಅವರ ಮುಂದೆ ಎರಡು ಸ್ಪೀಕರ್ ಇಟ್ಟು ಸ್ಟ್ರಿಯಾ ಹಾಕಿದೆ. ಏನು, ಎತ್ತ ಅಂತ ಹೇಳಲಿಲ್ಲ. ಸಂಖ್ಯೆ ಬಗ್ಗೆಯಂತೂ ಬಾಯೇ ಬಿಡಲಿಲ್ಲ. ಅವರು ಮೊದಲು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ನಾದ ಕೆಳಗಿಳಿದು ನಿಂತ ಕಡೆ, ಅದರ ಜೊತೆ ಮೆಲ್ಲಗೆ 'ಸಾ' ಹಿಡಿದರು. ಅಲ್ಲಿಂದ ಪಂಚಮಕ್ಕೆ ಹೋದರು. ಹೊಂದಲಿಲ್ಲ. ತಲೆ ಆಡಿಸಿದರು. ಮೇಲಿನ ಷಡ್ಜ ಮುಟ್ಟಿ ನೋಡಿದರು. ಅದೂ ಹೊಂದಲಿಲ್ಲ. ಅಲ್ಲಿಂದ ನಿಧಾನಕ್ಕೆ ಜಾರಿಸುತ್ತಾ ಬಂದು ಒಂದು ಕಡೆ ನಿಂತರು. ನಿಂತೇ ಬಿಟ್ಟರು. ಸ್ಪೀಕರಿನ ನಾದವೂ ಅವರ ದನಿಯೂ ಬೇರೆ ಬೇರೆ ಅಂತ ಗೊತ್ತಾಗದ ಹಾಗೆ ಕೂಡಿಕೊಂಡಿದ್ದವು. 1.618ರ ಹೆಜ್ಜೆ ನಮ್ಮ ಸ್ವರಸ್ಥಾನಗಳಲ್ಲಿ ಎಲ್ಲಿ ಬೀಳುತ್ತದೆ ಅಂತ ನಾನು ಆಗಲೇ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ.

ದೊಡ್ಡಮ್ಮ ಕಣ್ಣು ತೆರೆಯದೆ ಹೇಳಿದರು. "ಧೈವತ ಕಣೋ. ಶುದ್ಧ ಧೈವತಕ್ಕಿಂತ ಒಂಚೂರು ಮೇಲಿದೆ."